ಮಗ್ಗ ಬದಲಾದರೂ ನೇಯ್ಗೆ ಉಳಿಯಲಿ: ಶಾಲಾ ಗಣಕದಲ್ಲಿ ವಿಂಡೋಸ್ ಕಚೇರಿ ತಂತ್ರಾಂಶ ಮತ್ತು ಲಿನಕ್ಸ್

ದೊಡ್ಡಬಳ್ಳಾಪುರವು ನೇಕಾರರ ಊರೆಂಬುದು ಸರ್ವವಿದಿತವಾದ ಸಂಗತಿ. ಇಲ್ಲಿನ ಬೀದಿಗಳಲ್ಲಿ ಕೇಳಿಬರುವ ವಿದ್ಯುತ್ ಮಗ್ಗಗಳ ಸದ್ದಿಗೂ, ಇಂದು ಶಾಲೆಯ ಕಚೇರಿಯಲ್ಲಿ ಮೌನವಾಗಿ ಕುಳಿತಿರುವ ಗಣಕಯಂತ್ರಕ್ಕೂ ಒಂದು ಬಾಂಧವ್ಯವಿದೆಯೆಂಬುದು ಮಾತ್ರ ಅನೇಕರ ಗಮನಕ್ಕೆ ಬಂದಿರಲಾರದು. 1804ರಲ್ಲಿ ಫ್ರಾನ್ಸ್ ದೇಶದ ಲಿಯೋನ್ ನಗರದ ಜೋಸೆಫ್ ಮರೀ ಜಕಾರ್ ಎಂಬಾತನು ರೂಪಿಸಿದ ಮಗ್ಗದಲ್ಲಿ, ಸೀರೆಯ ಅಂಚಿನ ಚಿತ್ತಾರವನ್ನು ನಿರ್ಧರಿಸುತ್ತಿದ್ದುದು ತೂತು ಕೊರೆದ ರಟ್ಟಿನ ಕಾರ್ಡುಗಳ ಸರ. ತೂತು ಇದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ. ಇಲ್ಲದಿದ್ದಲ್ಲಿ ಇದ್ದಲ್ಲಿಯೇ ಉಳಿಯುತ್ತದೆ. ಈ ಕಾರ್ಡುಗಳ ವಿಧಾನವನ್ನೇ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನು ತಾನು ಕಲ್ಪಿಸಿದ ಗಣನಯಂತ್ರಕ್ಕೆ ಅಳವಡಿಸಿಕೊಳ್ಳಲು ಯೋಜಿಸಿದನು. ಹೀಗೆ ನೇಕಾರನ ಕಾರ್ಡೇ ಗಣಕದ ಆದೇಶಮಾಲೆಗೆ ಪೂರ್ವಜ.

ಈ ಸಾದೃಶ್ಯವನ್ನು ಇಲ್ಲಿ ನೆನೆಯುವುದಕ್ಕೆ ಕಾರಣವಿದೆ. ಒಂದು ಜಕಾರ್ಡ್ ಯಂತ್ರಕ್ಕೆಂದು ಕೊರೆದ ಕಾರ್ಡುಗಳನ್ನು, ಕೊಕ್ಕೆಗಳ ಸಂಖ್ಯೆಯೂ ಜೋಡಣೆಯೂ ಬೇರೆಯಾದ ಇನ್ನೊಂದು ಯಂತ್ರಕ್ಕೆ ಹಾಗೆಯೇ ಏರಿಸಿದರೆ ನೇಯ್ಗೆ ಕೆಡುತ್ತದೆಯೆಂಬುದನ್ನು ಈ ಊರಿನ ಯಾವ ನೇಕಾರನೂ ಬಲ್ಲನು. ವಿಂಡೋಸ್ ವ್ಯವಸ್ಥೆಗೆಂದು ರಚಿತವಾದ ಕಚೇರಿ ತಂತ್ರಾಂಶವನ್ನು ಲಿನಕ್ಸ್ ವ್ಯವಸ್ಥೆಯಲ್ಲಿ ನಡೆಸಹೊರಟ ಹೊಸಬನಿಗೆ ಎದುರಾಗುವ ತೊಡಕೂ ಇದೇ. ಅದನ್ನು ಬಿಡಿಸುವ ಬಗೆಗಳಾವುವು, ಕನ್ನಡದ ಕಡತಗಳುಳ್ಳ ಶಾಲೆಗಳು ಇಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕಾದುದೇಕೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರಶ್ನೆ ಈಗ ಉದ್ಭವಿಸಿದುದೇಕೆ?

ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಪ್ರತಿಯೊಂದು ಆವೃತ್ತಿಗೂ ಒಂದು ಆಯುಷ್ಯವನ್ನು ಗೊತ್ತುಪಡಿಸುತ್ತದೆ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವು ಕೊನೆಗೊಂಡಿತು. ಆಫೀಸ್ 2016 ಮತ್ತು ಆಫೀಸ್ 2019 ತಂತ್ರಾಂಶಗಳ ಬೆಂಬಲವೂ ಆ ಕಡೆಯ ದಿನದಂದೇ ಮುಗಿಯಿತು. ಬೆಂಬಲ ನಿಂತಿತೆಂದರೆ ಯಂತ್ರವು ನಿಂತುಹೋಗುವುದೆಂದಲ್ಲ. ಹೊಸದಾಗಿ ಪತ್ತೆಯಾಗುವ ಭದ್ರತಾ ಬಿರುಕುಗಳನ್ನು ಮುಚ್ಚುವವರಿಲ್ಲವೆಂದು ಅರ್ಥ. ಅಂತರ್ಜಾಲಕ್ಕೆ ಜೋಡಿಸಿದ ಯಂತ್ರದಲ್ಲಿ ಇದು ಬಾಗಿಲಿಗೆ ಅಗುಳಿಯಿಲ್ಲದ ಮನೆಯಂತೆ. ಮುಂದಿನ ಆವೃತ್ತಿಯಾದ ವಿಂಡೋಸ್ 11ಕ್ಕೆ ಹೋಗೋಣವೆಂದರೆ, ಅದು 4 ಗಿಗಾಬೈಟ್ ಸ್ಮೃತಿ, 64 ಗಿಗಾಬೈಟ್ ಸಂಗ್ರಹಸ್ಥಳಗಳ ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಅಂಗವನ್ನೂ ಅಪೇಕ್ಷಿಸುತ್ತದೆ. ದಾನಿಗಳು ಹತ್ತು ಹನ್ನೆರಡು ವರ್ಷಗಳ ಹಿಂದೆ ಅಭಿಮಾನದಿಂದ ನೀಡಿದ ಅನೇಕ ಗಣಕಗಳು, ಬೇರೆ ಯಾವ ದೋಷವೂ ಇಲ್ಲದಿದ್ದರೂ, ಈ ಒಂದು ಕಾರಣದಿಂದ ಮೂಲೆ ಸೇರುವ ಪ್ರಸಂಗ ಒದಗಿದೆ.

ಇಂಥ ಯಂತ್ರಗಳಿಗೆ ಮರುಜೀವ ಕೊಡಬಲ್ಲುದು ಲಿನಕ್ಸ್. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯೂ, ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಪ್ರಕಟಿಸಿದ ಕರ್ನೆಲ್ ಎಂಬ ತಿರುಳೂ ಕೂಡಿ ಇಂದಿನ ಲಿನಕ್ಸ್ ವ್ಯವಸ್ಥೆ ರೂಪುಗೊಂಡಿದೆ. ಉಬುಂಟು, ಲಿನಕ್ಸ್ ಮಿಂಟ್ ಮೊದಲಾದವು ಅದರ ಜನಪ್ರಿಯ ರೂಪಗಳು. ಇವುಗಳನ್ನು ಹಣ ತೆರದೆ ಪಡೆಯಬಹುದು, ಎಷ್ಟು ಯಂತ್ರಗಳಿಗಾದರೂ ಹಾಕಬಹುದು, ವಿದ್ಯಾರ್ಥಿಗಳಿಗೆ ಪ್ರತಿ ಮಾಡಿಕೊಡಬಹುದು. ಇದಾವುದೂ ಕಾನೂನಿಗೆ ವಿರುದ್ಧವಲ್ಲ. ನಕಲಿ ಪ್ರತಿಯನ್ನು ಬಳಸುತ್ತ ಮಕ್ಕಳಿಗೆ ಸತ್ಯಶುದ್ಧ ನಡೆಯನ್ನು ಬೋಧಿಸುವ ಇಬ್ಬಂದಿತನದಿಂದ ಶಾಲೆಯು ಪಾರಾಗುವುದು ಸಣ್ಣ ಲಾಭವೇನೂ ಅಲ್ಲ.

ಇದು ಕೇವಲ ಕಲ್ಪನೆಯಲ್ಲವೆಂಬುದಕ್ಕೆ ಕನ್ನಡ ಮಕ್ಕಳ ನಡುವೆಯೇ ನಿದರ್ಶನವುಂಟು. ಕೇರಳ ಸರ್ಕಾರವು 2001ರಲ್ಲಿ ಆರಂಭಿಸಿದ 'ಐಟಿ ಅಟ್ ಸ್ಕೂಲ್' ಯೋಜನೆಯು ಕ್ರಮೇಣ ಸ್ವತಂತ್ರ ತಂತ್ರಾಂಶವನ್ನೇ ನೆಚ್ಚಿಕೊಂಡಿತು. 2017ರಲ್ಲಿ ಅದು 'ಕೈಟ್' ಎಂಬ ಹೆಸರಿನ ಸರ್ಕಾರಿ ಸಂಸ್ಥೆಯಾಯಿತು. ಶಾಲೆಗಳಿಗೆಂದೇ ಸಿದ್ಧಪಡಿಸಿದ ಲಿನಕ್ಸ್ ಆವೃತ್ತಿಯನ್ನು ಅದು ಒದಗಿಸುತ್ತದೆ. ಗಡಿನಾಡಾದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಈ ವಿಷಯದ ಪಠ್ಯಪುಸ್ತಕವನ್ನು ಕನ್ನಡದಲ್ಲಿಯೇ ಓದಿ, ಲಿನಕ್ಸ್ ಗಣಕದಲ್ಲಿಯೇ ಪ್ರಾಯೋಗಿಕ ಪರೀಕ್ಷೆಯನ್ನು ಬರೆಯುತ್ತಾರೆ. ಕರ್ನಾಟಕದಲ್ಲಿಯೂ ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸಂಸ್ಥೆಯು ಶಿಕ್ಷಣ ಇಲಾಖೆಯ ಜೊತೆಗೂಡಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಪ್ರೌಢಶಾಲಾ ಶಿಕ್ಷಕರು ಉಬುಂಟುವನ್ನು ಬಳಸಿ ಕಲಿತಿದ್ದಾರೆ.

ಮಠಗಳ ಪರಂಪರೆಗೂ ಗಣಕವು ಪರಕೀಯವಲ್ಲ. ಸಿರಿಗೆರೆಯ ತರಳಬಾಳು ಬೃಹನ್ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳವರು ಪಾಣಿನಿಯ ಸೂತ್ರಗಳನ್ನಾಧರಿಸಿ 'ಗಣಕಾಷ್ಟಾಧ್ಯಾಯಿ' ಎಂಬ ತಂತ್ರಾಂಶವನ್ನು ರೂಪಿಸಿರುವುದನ್ನು ಇಲ್ಲಿ ಸ್ಮರಿಸಬಹುದು.

ವೈನ್ ಎಂಬ ದುಭಾಷಿ

ವರ್ಡ್, ಎಕ್ಸೆಲ್ ಮೊದಲಾದ ತಂತ್ರಾಂಶಗಳು ತಾವೇ ಎಲ್ಲವನ್ನೂ ಮಾಡುವುದಿಲ್ಲ. ಪರದೆಯ ಮೇಲೆ ಒಂದು ಕಿಟಕಿಯನ್ನು ತೆರೆ, ಈ ಕಡತವನ್ನು ಓದು, ಈ ಪುಟವನ್ನು ಮುದ್ರಿಸು ಎಂದು ಅವು ಹೆಜ್ಜೆಹೆಜ್ಜೆಗೂ ವಿಂಡೋಸಿಗೆ ಅಪ್ಪಣೆ ಮಾಡುತ್ತವೆ. ಆ ಅಪ್ಪಣೆಯ ಭಾಷೆ ಲಿನಕ್ಸಿಗೆ ಅಪರಿಚಿತ. ಆದುದರಿಂದ ವಿಂಡೋಸ್ ತಂತ್ರಾಂಶದ ಕಡತವನ್ನು ಲಿನಕ್ಸ್ ಯಂತ್ರದಲ್ಲಿ ಸುಮ್ಮನೆ ಒತ್ತಿದರೆ ಏನೂ ಘಟಿಸದು. ಇವೆರಡರ ನಡುವೆ ದುಭಾಷಿಯಾಗಿ ನಿಲ್ಲುವ ತಂತ್ರಾಂಶವೇ 'ವೈನ್'. ಹೆಸರನ್ನು ಕೇಳಿ ಹಿರಿಯರು ಹುಬ್ಬೇರಿಸಬೇಕಾಗಿಲ್ಲ. 'ವೈನ್ ಎಂಬುದು ಅನುಕರಣಯಂತ್ರವಲ್ಲ' ಎಂಬರ್ಥದ ಇಂಗ್ಲಿಷ್ ವಾಕ್ಯದ ಮೊದಲಕ್ಷರಗಳಿಂದ ಆ ಹೆಸರು ಬಂದಿದೆ.

ಈ ಯೋಜನೆ 1993ರಲ್ಲಿ ಬಾಬ್ ಆಮ್‌ಸ್ಟಾಟ್ ಅವರಿಂದ ಆರಂಭವಾಗಿ, ಮರುವರ್ಷದಿಂದ ಅಲೆಕ್ಸಾಂಡರ್ ಜೂಲಿಯಾರ್ ಅವರ ನೇತೃತ್ವದಲ್ಲಿ ಮುಂದುವರಿಯಿತು. ಮೊದಲ ಪೂರ್ಣ ಆವೃತ್ತಿಯಾದ 1.0 ಹೊರಬಂದುದು 2008ರ ಜೂನ್ ತಿಂಗಳಲ್ಲಿ. ಎಂದರೆ ಹದಿನೈದು ವರ್ಷಗಳ ಪರಿಶ್ರಮದ ಬಳಿಕ. ವೈನ್ ಇಡೀ ಒಂದು ವಿಂಡೋಸ್ ಯಂತ್ರವನ್ನು ನಟಿಸುವುದಿಲ್ಲ. ವಿಂಡೋಸ್ ಮಾಡಿಕೊಡಬೇಕಾದ ಸೇವೆಗಳನ್ನು ತಾನೇ ಹೊಸದಾಗಿ ಬರೆದಿಟ್ಟುಕೊಂಡು, ತಂತ್ರಾಂಶವು ಅಪ್ಪಣೆ ಮಾಡಿದೊಡನೆ ಅದನ್ನು ಲಿನಕ್ಸಿಗೆ ತಿಳಿಯುವಂತೆ ಮಾರ್ಪಡಿಸುತ್ತದೆ. ಕಾರ್ಡನ್ನು ತಿದ್ದದೆ, ಹೊಸ ಮಗ್ಗದ ಕೊಕ್ಕೆಗಳಿಗೆ ಹೊಂದಿಸುವ ಒಂದು ಜೋಡಣೆಯನ್ನು ನಡುವೆ ಇಟ್ಟಂತೆ ಇದು.

ಹೊಸಬರು ಅನುಸರಿಸಬೇಕಾದ ಕ್ರಮ ಹೀಗಿದೆ. ಮೊದಲನೆಯದಾಗಿ, ಲಿನಕ್ಸ್ ಮಿಂಟ್ ಅಥವಾ ಉಬುಂಟುವಿನಲ್ಲಿ ತಂತ್ರಾಂಶಗಳ ಉಗ್ರಾಣವೆನಿಸಿದ 'ಸಾಫ್ಟ್‌ವೇರ್ ಮ್ಯಾನೇಜರ್' ಅಥವಾ 'ಆ್ಯಪ್ ಸೆಂಟರ್' ತೆರೆದು ವೈನನ್ನು ಸ್ಥಾಪಿಸಬೇಕು. ಸಿಕ್ಕಸಿಕ್ಕ ಜಾಲತಾಣಗಳಿಂದ ಇಳಿಸಿಕೊಳ್ಳುವುದು ಸಲ್ಲದು. ಎರಡನೆಯದಾಗಿ, ವೈನಿನ ಸಂಯೋಜನಾ ಕಿಟಕಿಯನ್ನು ಒಮ್ಮೆ ತೆರೆಯಬೇಕು. ಆಗ ಅದು ಬಳಕೆದಾರನ ಫೋಲ್ಡರಿನಲ್ಲಿ ಮರೆಯಾಗಿರುವ ಒಂದು ಉಪಫೋಲ್ಡರನ್ನು ನಿರ್ಮಿಸಿ, ಅದರೊಳಗೆ ವಿಂಡೋಸಿನ 'ಸಿ' ಡ್ರೈವಿನ ಪ್ರತಿರೂಪವನ್ನು ಇಡುತ್ತದೆ. ತಂತ್ರಾಂಶವು ತಾನು ವಿಂಡೋಸಿನಲ್ಲಿಯೇ ಇರುವೆನೆಂದು ಭಾವಿಸುವುದು ಈ ಪುಟ್ಟ ಮನೆಯಿಂದಾಗಿ. ಮೂರನೆಯದಾಗಿ, ಅದೇ ಕಿಟಕಿಯಲ್ಲಿ ಯಾವ ವಿಂಡೋಸ್ ಆವೃತ್ತಿಯಂತೆ ನಡೆದುಕೊಳ್ಳಬೇಕೆಂಬುದನ್ನು ಆರಿಸಬೇಕು. ಹಳೆಯ ಆಫೀಸಿಗೆ ಅದರ ಕಾಲದ ವಿಂಡೋಸ್ ಆವೃತ್ತಿಯೇ ಹೊಂದುವುದುಂಟು. ನಾಲ್ಕನೆಯದಾಗಿ, ಶಾಲೆಯ ಬಳಿಯಿರುವ ಪರವಾನಗಿಯುಳ್ಳ ಆಫೀಸ್ ಮುದ್ರಿಕೆಯ ಸ್ಥಾಪನಾ ಕಡತವನ್ನು ವೈನಿನ ಮೂಲಕ ತೆರೆದು ಸ್ಥಾಪಿಸಬೇಕು. ಲಿನಕ್ಸಿನಲ್ಲಿ ನಡೆಯುತ್ತದೆಯೆಂದ ಮಾತ್ರಕ್ಕೆ ಮೈಕ್ರೋಸಾಫ್ಟಿನ ಪರವಾನಗಿಯ ಅಗತ್ಯ ತಪ್ಪುವುದಿಲ್ಲವೆಂಬುದು ನೆನಪಿರಲಿ.

ಆದರೆ ಫಲವು ಎಲ್ಲ ಆವೃತ್ತಿಗಳಿಗೂ ಸಮಾನವಲ್ಲ. ಆಫೀಸ್ 2003, 2007, 2010ರಂಥ ಹಳೆಯವು ಸಾಮಾನ್ಯವಾಗಿ ಹೆಚ್ಚು ಸರಾಗವಾಗಿ ನಡೆಯುತ್ತವೆ. ಆಗಾಗ್ಗೆ ತನ್ನನ್ನು ತಾನೇ ನವೀಕರಿಸಿಕೊಳ್ಳುತ್ತ, ಅಂತರ್ಜಾಲದ ಮೂಲಕ ಪರವಾನಗಿಯನ್ನು ಪರೀಕ್ಷಿಸುವ ಇತ್ತೀಚಿನವು ತೊಡಕೊಡ್ಡುತ್ತವೆ. ವೈನ್ ಬಳಗವು ತನ್ನ ಅನುಭವಕೋಶದಲ್ಲಿ ಒಂದೊಂದು ತಂತ್ರಾಂಶಕ್ಕೂ ಪ್ಲಾಟಿನಂ, ಚಿನ್ನ, ಬೆಳ್ಳಿ, ಕಂಚು, ಕಸ ಎಂಬ ಐದು ದರ್ಜೆಗಳನ್ನು ಕೊಟ್ಟಿದೆ. ಸ್ಥಾಪನೆಗೆ ತೊಡಗುವ ಮುನ್ನ ಅದನ್ನು ನೋಡಿಕೊಳ್ಳುವುದರಿಂದ ಅರ್ಧ ದಿನದ ವ್ಯರ್ಥಶ್ರಮ ಉಳಿಯುತ್ತದೆ. ವೈನಿನ ಬೆಳವಣಿಗೆಗೆ ನೆರವಾಗುತ್ತಿರುವ ಕೋಡ್‌ವೀವರ್ಸ್ ಎಂಬ ಸಂಸ್ಥೆಯು 'ಕ್ರಾಸ್‌ಓವರ್' ಎಂಬ ಹೆಸರಿನಲ್ಲಿ ಇದೇ ಕಾರ್ಯವನ್ನು ಸುಲಭಗೊಳಿಸಿ ಹಣಕ್ಕೆ ಒದಗಿಸುತ್ತದೆ. ಆ ಸಂಸ್ಥೆಯ ಹೆಸರೂ ನೇಯ್ಗೆಗೆ ಸಂಬಂಧಿಸಿದುದೇ: 'ಸಂಕೇತಗಳನ್ನು ನೇಯುವವರು'.

ಇನ್ನೆರಡು ದಾರಿಗಳಿವೆ. ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶದಿಂದ ಲಿನಕ್ಸಿನ ಒಳಗೇ ಒಂದು ಕಾಲ್ಪನಿಕ ಗಣಕವನ್ನು ನಿರ್ಮಿಸಿ, ಅದರಲ್ಲಿ ವಿಂಡೋಸನ್ನೇ ಸ್ಥಾಪಿಸಬಹುದು. ಇದು ಹೆಚ್ಚು ನಂಬಲರ್ಹವಾದರೂ ವಿಂಡೋಸ್ ಪರವಾನಗಿಯೂ ಬೇಕು, ಎರಡು ವ್ಯವಸ್ಥೆಗಳನ್ನು ಒಟ್ಟಿಗೆ ಹೊರಬಲ್ಲಷ್ಟು ಸ್ಮೃತಿಯೂ ಬೇಕು. ಬ್ರೌಸರಿನಲ್ಲಿಯೇ ತೆರೆದುಕೊಳ್ಳುವ ಅಂತರ್ಜಾಲದ ಆಫೀಸನ್ನು ಬಳಸುವುದು ಮತ್ತೊಂದು ದಾರಿ. ಸಂಪರ್ಕ ಕಡಿದೊಡನೆ ಕೆಲಸವೂ ನಿಲ್ಲುವುದು ಅದರ ಕೊರತೆ.

ಲಿನಕ್ಸಿನದೇ ಆದ ಕಚೇರಿ ತಂತ್ರಾಂಶ

ದುಭಾಷಿಯ ನೆರವಿಲ್ಲದೆ ನೇರವಾಗಿ ನಡೆಯುವ ತಂತ್ರಾಂಶವಿದ್ದರೆ ಅದೇ ಮೇಲಲ್ಲವೇ ಎಂಬ ಪ್ರಶ್ನೆ ಇಲ್ಲಿ ಸಹಜ. ಜರ್ಮನಿಯಲ್ಲಿ ರೂಪುಗೊಂಡ ಸ್ಟಾರ್‌ಆಫೀಸನ್ನು ಸನ್ ಸಂಸ್ಥೆಯು 1999ರಲ್ಲಿ ಕೊಂಡು, 2000ದಲ್ಲಿ ಅದರ ಮೂಲಸಂಕೇತವನ್ನು ಲೋಕಕ್ಕೆ ಮುಕ್ತಗೊಳಿಸಿತು. ಅದರಿಂದ ಓಪನ್‌ಆಫೀಸ್ ಹುಟ್ಟಿತು. 2010ರ ಸೆಪ್ಟೆಂಬರಿನಲ್ಲಿ ಅದರಿಂದ ಕವಲೊಡೆದ ಲಿಬ್ರೆಆಫೀಸ್ ಇಂದು ಲಿನಕ್ಸಿನ ಹೆಚ್ಚಿನ ರೂಪಗಳ ಜೊತೆಗೇ ಬರುತ್ತದೆ. ಪತ್ರ ಬರೆಯಲು ರೈಟರ್, ಅಂಕಪಟ್ಟಿಗೆ ಕ್ಯಾಲ್ಕ್, ಸಭೆಯಲ್ಲಿ ತೋರಿಸಲು ಇಂಪ್ರೆಸ್ ಎಂಬ ಅಂಗಗಳು ಅದರಲ್ಲಿವೆ. ಅದರ ಸ್ವಂತ ಕಡತಸ್ವರೂಪವಾದ ಓಡಿಎಫ್ 2006ರಲ್ಲಿಯೇ ಅಂತಾರಾಷ್ಟ್ರೀಯ ಮಾನಕವೆಂದು ಅಂಗೀಕೃತವಾಯಿತು. ಮೈಕ್ರೋಸಾಫ್ಟಿನ ಕಡತಗಳನ್ನೂ ಅದು ತೆರೆದು, ತಿದ್ದಿ, ಅದೇ ರೂಪದಲ್ಲಿ ಉಳಿಸಬಲ್ಲುದು.

ವರ್ಡ್ ಕಡತವನ್ನು ಇದರಲ್ಲಿ ತೆರೆದೊಡನೆ ಸಾಲುಗಳು ಜರುಗಿ, ಒಂದು ಪುಟದ ಪತ್ರ ಎರಡು ಪುಟವಾಯಿತೆಂಬ ದೂರು ಸಾಮಾನ್ಯ. ಇದಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಫಾಂಟು. ಕ್ಯಾಲಿಬ್ರಿ, ಕ್ಯಾಂಬ್ರಿಯಾ ಎಂಬ ಅಕ್ಷರಶೈಲಿಗಳು ಮೈಕ್ರೋಸಾಫ್ಟಿನ ಸೊತ್ತಾದುದರಿಂದ ಲಿನಕ್ಸಿನಲ್ಲಿರುವುದಿಲ್ಲ. ಬದಲಿಗೆ ಬಂದ ಅಕ್ಷರದ ಅಗಲ ಬೇರೆಯಾದರೆ ಸಾಲು ಮುರಿಯುವ ಸ್ಥಳವೂ ಬೇರೆಯಾಗುತ್ತದೆ. ಕಾರ್ಲಿಟೋ, ಕ್ಯಾಲಡಿಯಾ ಎಂಬ ಮುಕ್ತ ಫಾಂಟುಗಳನ್ನು ಅವುಗಳ ಅಗಲಕ್ಕೆ ಸರಿಹೊಂದುವಂತೆಯೇ ಅಳೆದು ರಚಿಸಿದ್ದಾರೆ. ಏರಿಯಲ್ ಮತ್ತು ಟೈಮ್ಸ್ ನ್ಯೂ ರೋಮನ್ ಶೈಲಿಗಳಿಗೆ ಲಿಬರೇಷನ್ ಫಾಂಟುಗಳಿವೆ. ಇವನ್ನು ಸ್ಥಾಪಿಸಿಕೊಂಡರೆ ತೊಂದರೆಯ ಬಹುಪಾಲು ನೀಗುತ್ತದೆ. ಎಕ್ಸೆಲ್ಲಿನ ಮ್ಯಾಕ್ರೋಗಳು ಮಾತ್ರ ಪೂರ್ಣವಾಗಿ ನಡೆಯುವ ಭರವಸೆಯಿಲ್ಲ. ಅವನ್ನು ಒಂದೊಂದಾಗಿ ಪರೀಕ್ಷಿಸಬೇಕು.

ಕನ್ನಡದ ಕಡತವೆಂಬ ನಿಜವಾದ ಗಂಟು

ಇಲ್ಲಿಯವರೆಗೆ ಹೇಳಿದುದು ಯಾವ ದೇಶದ ಶಾಲೆಗಾದರೂ ಅನ್ವಯಿಸುತ್ತದೆ. ಕನ್ನಡ ನಾಡಿನ ಶಾಲೆಗೆ ಮಾತ್ರ ಸಂಬಂಧಿಸಿದ, ಎಲ್ಲಕ್ಕಿಂತ ಗುರುತರವಾದ ತೊಡಕು ಬೇರೊಂದಿದೆ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ', ಆ ಬಳಿಕ ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶಗಳು ಬಂದ ಮೇಲೆ ಕಚೇರಿಗಳಲ್ಲಿ ಕನ್ನಡ ನೆಲೆಗೊಂಡಿತು. ಇವುಗಳ ಉಪಕಾರವನ್ನು ಕನ್ನಡಿಗರು ಮರೆಯುವಂತಿಲ್ಲ. ಆದರೆ ಆ ಕಾಲದ ಗಣಕಗಳಲ್ಲಿ ಕನ್ನಡ ಅಕ್ಷರಗಳಿಗೆ ಸರ್ವಮಾನ್ಯವಾದ ಸ್ಥಾನವು ಬಳಕೆಗೆ ಬಂದಿರಲಿಲ್ಲವಾದುದರಿಂದ, ಇಂಗ್ಲಿಷ್ ಮೊದಲಾದ ರೋಮನ್ ಲಿಪಿಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆಯೇ ಕನ್ನಡ ಅಕ್ಷರದ ಚೂರುಗಳನ್ನು ಕೂರಿಸಲಾಯಿತು.

ಅದರ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಹಳೆಯ ನುಡಿ ಫಾಂಟಿನಲ್ಲಿ 'ಕನ್ನಡ' ಎಂದು ಬೆರಳಚ್ಚು ಮಾಡಿದ ಕಡತದಲ್ಲಿ ಗಣಕವು ವಾಸ್ತವವಾಗಿ ಬರೆದಿಟ್ಟುಕೊಂಡಿರುವುದು ಏಳು ಪರಕೀಯ ಚಿಹ್ನೆಗಳನ್ನು: ರೋಮನ್ 'ಪಿ', ನೆತ್ತಿಯ ಮೇಲೆ ಓರೆಗೆರೆಯುಳ್ಳ 'ಎ', ಬ್ರಿಟಿಷ್ ಪೌಂಡ್ ನಾಣ್ಯದ ಗುರುತು, ಮತ್ತೆ ಅದೇ 'ಎ', ಜರ್ಮನ್ ಭಾಷೆಯ ವಿಶಿಷ್ಟ 'ಎಸ್', ಸಣ್ಣ 'ಕ್ಯೂ', ಮತ್ತೊಮ್ಮೆ ಅದೇ 'ಎ'. ನುಡಿಯ ಫಾಂಟು ಇರುವವರೆಗೆ ಇವು ಕನ್ನಡದಂತೆ ಕಾಣುತ್ತವೆ. ಫಾಂಟು ಇಲ್ಲದ ಗಣಕದಲ್ಲಿ ತೆರೆದೊಡನೆ ಮುಖವಾಡ ಕಳಚಿ, ಯಾರಿಗೂ ಓದಲಾಗದ ಗೊಂದಲ ಉಳಿಯುತ್ತದೆ. ಹೊಸದಾಗಿ ಲಿನಕ್ಸ್ ಹಾಕಿಸಿದ ಶಾಲೆಯ ಗುಮಾಸ್ತರು ದಾಖಲಾತಿ ವಹಿಯನ್ನು ತೆರೆದು ಬೆಚ್ಚಿಬೀಳುವುದು ಇದರಿಂದಲೇ. ದೋಷ ಲಿನಕ್ಸಿನದಲ್ಲ, ಆ ಕಡತದಲ್ಲಿ ಮೊದಲಿನಿಂದಲೂ ಕನ್ನಡವಿರಲಿಲ್ಲ.

ಇದಕ್ಕೆ ಶಾಶ್ವತ ಪರಿಹಾರ ಯೂನಿಕೋಡ್. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳು ಮೀಸಲಾದವು. ಅಲ್ಲಿ 'ಕ' ಎಂದರೆ 3221, 'ನ' ಎಂದರೆ 3240, ವಿರಾಮಚಿಹ್ನೆಯಾದ ಹಲಂತ 3277, 'ಡ' ಎಂದರೆ 3233. 'ಕನ್ನಡ' ಎಂಬ ಪದವು ಕ, ನ, ಹಲಂತ, ನ, ಡ ಎಂಬ ಐದು ಸಂಖ್ಯೆಗಳಾಗಿ, ಉಚ್ಚಾರದ ಕ್ರಮದಲ್ಲಿಯೇ ಶೇಖರವಾಗುತ್ತದೆ. ಇದು ಯಾವ ಫಾಂಟನ್ನೂ ಅವಲಂಬಿಸಿಲ್ಲ. ವಿಂಡೋಸ್, ಲಿನಕ್ಸ್, ದೂರವಾಣಿ ಎಲ್ಲದರಲ್ಲಿಯೂ ಒಂದೇ. ಹಳೆಯ ಕ್ರಮದಲ್ಲಿ ವಿದ್ಯಾರ್ಥಿಗಳ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಹೊರಟರೆ ರೋಮನ್ ಚಿಹ್ನೆಗಳ ಕ್ರಮ ಬರುತ್ತಿತ್ತು. ಯೂನಿಕೋಡಿನಲ್ಲಿ ವರ್ಣಮಾಲೆಯ ಕ್ರಮ ಬರುತ್ತದೆ. ಇಪ್ಪತ್ತು ವರ್ಷಗಳ ಹಿಂದೆ ಓದಿದ ಹಳೆಯ ವಿದ್ಯಾರ್ಥಿಯೊಬ್ಬನು ವರ್ಗಾವಣೆ ಪತ್ರದ ನಕಲನ್ನು ಕೇಳಿಕೊಂಡು ಬಂದಾಗ, ಹೆಸರನ್ನು ಬೆರಳಚ್ಚಿಸಿದೊಡನೆ ದೊರಕುವುದೋ ಇಲ್ಲವೋ ಎಂಬುದು ಈ ಭೇದವನ್ನೇ ಆಧರಿಸಿದೆ.

ಹಳೆಯ ಕಡತಗಳನ್ನು ಉದ್ಧರಿಸುವ ಬಗೆ

ಮೊದಲು ಮೂಲ ಕಡತಗಳೆಲ್ಲದರ ಎರಡು ಪ್ರತಿಗಳನ್ನು ಬೇರೆ ಬೇರೆ ಡಿಸ್ಕ್‌ಗಳಲ್ಲಿ ತೆಗೆದಿಡಬೇಕು; ಪರಿವರ್ತನೆ ಮುಗಿದ ಮೇಲೂ ಅವನ್ನು ಅಳಿಸಕೂಡದು. ಬಳಿಕ ನುಡಿ ಅಥವಾ ಬರಹದ ಫಾಂಟುಗಳನ್ನು ಲಿನಕ್ಸಿನಲ್ಲಿ ಸ್ಥಾಪಿಸಬೇಕು. ಫಾಂಟಿನ ಕಡತವನ್ನು ತೆರೆದು 'ಇನ್‌ಸ್ಟಾಲ್' ಎಂಬುದನ್ನು ಒತ್ತಿದರೆ ಸಾಕು. ಇಷ್ಟರಿಂದಲೇ ಹಳೆಯ ಕಡತಗಳು ಲಿಬ್ರೆಆಫೀಸಿನಲ್ಲಿ ಓದುವಂತಾಗುತ್ತವೆ. ಆದರೆ ಇದು ತಾತ್ಕಾಲಿಕ ಉಪಶಮನವೇ ಹೊರತು ಚಿಕಿತ್ಸೆಯಲ್ಲ. ಮೂರನೆಯ ಹೆಜ್ಜೆಯಾಗಿ ಪರಿವರ್ತಕ ತಂತ್ರಾಂಶದಿಂದ ಅವನ್ನು ಯೂನಿಕೋಡಿಗೆ ತರಬೇಕು. ನುಡಿಯ ಈಚಿನ ಆವೃತ್ತಿಗಳಲ್ಲಿಯೇ ಅಂಥ ಸೌಲಭ್ಯವಿದೆ.

ಪರಿವರ್ತನೆಯಾದ ಬಳಿಕ ಮನುಷ್ಯರ ಕಣ್ಣಿಂದ ಕರಡು ತಿದ್ದುವುದು ಅನಿವಾರ್ಯ. ಉದಾಹರಣೆಗೆ 'ಸೂರ್ಯ' ಎಂಬ ಪದದಲ್ಲಿ ಹಳೆಯ ಕ್ರಮವು 'ಯ'ಕಾರವನ್ನು ಮೊದಲಿಟ್ಟು ಅರ್ಕಾವತ್ತನ್ನು ಅನಂತರ ಇಡುತ್ತದೆ. ಯೂನಿಕೋಡಿನಲ್ಲಿ ರೇಫವೇ ಮೊದಲು. ಈ ಹಿಂದುಮುಂದನ್ನು ಪರಿವರ್ತಕವು ಸರಿಪಡಿಸಬೇಕು. ಕಡತದ ನಡುವೆ ಇಂಗ್ಲಿಷ್ ಪದಗಳಿದ್ದರೆ ಅವನ್ನೂ ಕನ್ನಡವೆಂದೇ ಭಾವಿಸಿ ಕೆಡಿಸುವ ಅಪಾಯವಿರುತ್ತದೆ. ಹೆಸರುಗಳು, ಜನ್ಮದಿನಾಂಕಗಳು, ಅಂಕಗಳು ಇರುವ ವಹಿಗಳಲ್ಲಿ ಒಂದಕ್ಷರದ ತಪ್ಪೂ ಒಬ್ಬ ವಿದ್ಯಾರ್ಥಿಗೆ ಮುಂದೆ ದೊಡ್ಡ ತೊಡಕಾಗಬಹುದಾದುದರಿಂದ, ಮೂಲದ ಮುದ್ರಿತ ಪ್ರತಿಯೊಡನೆ ಇಬ್ಬರು ಕುಳಿತು, ಒಬ್ಬರು ಓದಿ ಒಬ್ಬರು ತಾಳೆ ನೋಡುವುದು ಉಚಿತ.

ಕೀಲಿಮಣೆಯ ವಿಚಾರ

ಹೊಸಬರು ಎಡವುವ ಸ್ಥಳ ಇನ್ನೊಂದಿದೆ. ನುಡಿ ತಂತ್ರಾಂಶವನ್ನು ವೈನಿನೊಳಗೆ ಸ್ಥಾಪಿಸಿ, ಅದರಿಂದ ಲಿಬ್ರೆಆಫೀಸಿನಲ್ಲಿ ಕನ್ನಡ ಬೆರಳಚ್ಚಿಸಲು ಯತ್ನಿಸುವವರುಂಟು. ಅದು ಫಲಿಸದು. ವೈನಿನೊಳಗಿನ ಕೀಲಿಮಣೆ ತಂತ್ರಾಂಶದ ಅಧಿಕಾರವು ವೈನಿನ ಕಿಟಕಿಗಳಿಗಷ್ಟೇ ಸೀಮಿತ. ಹೊರಗಿನ ಲಿನಕ್ಸ್ ಕಿಟಕಿಗಳಿಗೆ ಅದರ ಮಾತು ಕೇಳಿಸುವುದಿಲ್ಲ.

ಆದರೆ ಈ ಕಷ್ಟವನ್ನು ಪಡಬೇಕಾದ ಅಗತ್ಯವೇ ಇಲ್ಲ. ಕಿನ್ನಿಕಂಬಳ ಪದ್ಮನಾಭ ರಾಯರು, ಎಂದರೆ ಕನ್ನಡಿಗರೆಲ್ಲ ಬಲ್ಲ ಕೆ.ಪಿ. ರಾವ್ ಅವರು, ರೂಪಿಸಿದ ವಿನ್ಯಾಸವನ್ನಾಧರಿಸಿದ ನುಡಿಯ ಕೀಲಿಮಣೆಯು ಲಿನಕ್ಸಿನಲ್ಲಿ ಅಂತರ್ಗತವಾಗಿಯೇ ಇದೆ. ವ್ಯವಸ್ಥೆಯ ಸೆಟ್ಟಿಂಗ್ಸಿನಲ್ಲಿ ಕೀಲಿಮಣೆಯ ವಿಭಾಗವನ್ನು ತೆರೆದು, ಕನ್ನಡದ ಕೆಳಗೆ 'ಕಗಪ' ಎಂಬುದನ್ನು ಆರಿಸಬೇಕು. 'ಕಗಪ' ಎಂದರೆ ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳೇ. ಹಿಂದಿ, ಮರಾಠಿ, ಸಂಸ್ಕೃತಗಳಿಗೂ ಇದೇ ಹೆಸರಿನ ವಿನ್ಯಾಸಗಳು ಆ ಪಟ್ಟಿಯಲ್ಲಿವೆ. ಬೆಂಗಳೂರಿನ ಒಂದು ಪರಿಷತ್ತಿನ ಹೆಸರು ಜಗತ್ತಿನಾದ್ಯಂತದ ಲಿನಕ್ಸ್ ಗಣಕಗಳಲ್ಲಿ ಹೀಗೆ ನೆಲೆಸಿರುವುದು ಅಭಿಮಾನದ ವಿಷಯ. ಈ ವಿನ್ಯಾಸದಲ್ಲಿ 'ಕನ್ನಡ' ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿಗಳು ಸಾಕು. ಐದು ಕೀಲಿಗಳಿಗೆ ಐದು ಯೂನಿಕೋಡ್ ಸಂಖ್ಯೆಗಳು. ನುಡಿಯಲ್ಲಿ ಪಳಗಿದ ಬೆರಳುಗಳು ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ.

ಅಕ್ಷರಶೈಲಿಗೆ ಸಂಬಂಧಿಸಿ ಲೋಹಿತ್, ನವಿಲು, ಗುಬ್ಬಿ, ನೋಟೋ ಮೊದಲಾದ ಮುಕ್ತ ಕನ್ನಡ ಫಾಂಟುಗಳು ಲಭ್ಯವಿವೆ. ಲಿಬ್ರೆಆಫೀಸಿನಲ್ಲಿ ಮಾತ್ರ ಒಂದು ಸೂಕ್ಷ್ಮವಿದೆ. ಅದು ರೋಮನ್ ಲಿಪಿಗೂ, ಭಾರತೀಯ ಲಿಪಿಗಳು ಸೇರಿದ 'ಸಂಕೀರ್ಣ ಲಿಪಿ' ವರ್ಗಕ್ಕೂ ಬೇರೆ ಬೇರೆ ಫಾಂಟುಗಳನ್ನು ಇಟ್ಟುಕೊಳ್ಳುತ್ತದೆ. ಭಾಷಾ ಸೆಟ್ಟಿಂಗ್ಸಿನಲ್ಲಿ ಸಂಕೀರ್ಣ ಲಿಪಿಯನ್ನು ಸಕ್ರಿಯಗೊಳಿಸಿ, ಅಲ್ಲಿ ಕನ್ನಡವನ್ನು ಆರಿಸಿದರೆ, ಫಾಂಟು ಬದಲಿಸಿದರೂ ಕನ್ನಡ ಅಕ್ಷರ ಬದಲಾಗದೆಂಬ ಗೊಂದಲ ಉಂಟಾಗದು.

ಶಾಲೆಯು ಅನುಸರಿಸಬೇಕಾದ ಕ್ರಮ

ಒಂದೇ ದಿನದಲ್ಲಿ ಎಲ್ಲ ಗಣಕಗಳನ್ನೂ ಬದಲಿಸುವ ಆತುರ ಸಲ್ಲದು. ಲಿನಕ್ಸನ್ನು ಒಂದು ಪೆನ್ ಡ್ರೈವಿಗೆ ಬರೆದುಕೊಂಡು, ಗಣಕದ ಡಿಸ್ಕನ್ನು ಮುಟ್ಟದೆಯೇ ಅದರಿಂದ ನಡೆಸಿ ನೋಡುವ ಅನುಕೂಲವಿದೆ. ಮುದ್ರಣಯಂತ್ರ, ಸ್ಕ್ಯಾನರ್, ಅಂತರ್ಜಾಲ ಇವು ಕೆಲಸ ಮಾಡುತ್ತವೆಯೇ ಎಂಬುದನ್ನು ಹಾಗೆ ಪರೀಕ್ಷಿಸಬೇಕು. ಸರಿಬಂದರೆ ಪ್ರಯೋಗಾಲಯದ ಒಂದು ಗಣಕದಲ್ಲಿ, ತರುವಾಯ ಶಿಕ್ಷಕರ ಕೊಠಡಿಯಲ್ಲಿ, ಎಲ್ಲಕ್ಕೂ ಕೊನೆಯಲ್ಲಿ ಕಚೇರಿಯಲ್ಲಿ ಸ್ಥಾಪಿಸಬೇಕು. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳು ಸಮಸಂಖ್ಯೆಯ ವರ್ಷಗಳ ಏಪ್ರಿಲಿನಲ್ಲಿ ಹೊರಬಂದು ಐದು ವರ್ಷ ಬೆಂಬಲ ಪಡೆಯುವುದರಿಂದ ಶಾಲೆಗೆ ಅವೇ ಯೋಗ್ಯ. ಹಳೆಯ, ಅಲ್ಪಶಕ್ತಿಯ ಯಂತ್ರಗಳಿಗೆ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ರೂಪ ಹಗುರವಾಗಿದೆ.

ಎಲ್ಲವೂ ಲಿನಕ್ಸಿನಲ್ಲಿಯೇ ಆಗಬೇಕೆಂಬ ಹಟವೂ ವಿವೇಕವಲ್ಲ. ಟ್ಯಾಲಿಯಂಥ ಲೆಕ್ಕಪತ್ರ ತಂತ್ರಾಂಶವು ವಿಂಡೋಸಿಗೆಂದು ರಚಿತವಾದುದು. ಡಿಜಿಟಲ್ ಸಹಿಯ ಕೆಲವು ಸಾಧನಗಳೂ ಹಾಗೆಯೇ. ಆದುದರಿಂದ ಬೆಂಬಲವುಳ್ಳ ವಿಂಡೋಸ್ ಇರುವ ಒಂದು ಗಣಕವನ್ನು ಕಚೇರಿಯಲ್ಲಿ ಉಳಿಸಿಕೊಂಡು, ಉಳಿದವನ್ನು ಲಿನಕ್ಸಿಗೆ ತರುವುದು ಮಧ್ಯಮ ಮಾರ್ಗ. ವೈನನ್ನು ಸಹ ಹಾಗೆಯೇ ಕಾಣಬೇಕು: ಬದಲಿ ಸಿಗದ ಒಂದೆರಡು ಹಳೆಯ ತಂತ್ರಾಂಶಗಳನ್ನು ದಾಟಿಸುವ ಹರಿಗೋಲು ಅದು, ವಾಸದ ಮನೆಯಲ್ಲ. ದಿನನಿತ್ಯದ ಬರವಣಿಗೆಗೆ ಲಿಬ್ರೆಆಫೀಸ್, ಕನ್ನಡಕ್ಕೆ ಯೂನಿಕೋಡ್ ಎಂಬೆರಡನ್ನು ನೆಲೆಗೊಳಿಸಿದ ಶಾಲೆಗೆ ಯಾವ ಸಂಸ್ಥೆಯು ಯಾವ ದಿನಾಂಕದಂದು ಬೆಂಬಲ ನಿಲ್ಲಿಸಿದರೂ ಅಳುಕಬೇಕಾಗಿಲ್ಲ.

ಉದಾರ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಇಲ್ಲಿ ನೆರವಾಗಬಹುದಾದ ಬಗೆ ಕೊಂಚ ಬೇರೆ. ಹೊಸ ಯಂತ್ರಗಳನ್ನು ಕೊಡುವುದು ಸ್ತುತ್ಯವೇ. ಆದರೆ ಇರುವ ಯಂತ್ರಗಳಿಗೆ ಸ್ಮೃತಿಯ ಅಂಗವನ್ನು ಹೆಚ್ಚಿಸಿಕೊಡುವುದು, ಪ್ರತಿ ತೆಗೆದಿಡಲು ಎರಡು ಡಿಸ್ಕುಗಳನ್ನು ಒದಗಿಸುವುದು, ಗಣಕವನ್ನು ಬಲ್ಲ ಹಳೆಯ ವಿದ್ಯಾರ್ಥಿಗಳು ತಿಂಗಳಿಗೊಂದು ಶನಿವಾರ ಬಂದು ಶಿಕ್ಷಕರ ಜೊತೆ ಕುಳಿತುಕೊಳ್ಳುವುದು, ಇವು ಅದಕ್ಕಿಂತ ಕಡಿಮೆಯ ಸೇವೆಯಲ್ಲ. ಗುಮಾಸ್ತರೊಬ್ಬರಿಗೆ ಮೊದಲ ಮೂರು ತಿಂಗಳು ಧೈರ್ಯ ಹೇಳುವವರಿದ್ದರೆ ಈ ಬದಲಾವಣೆ ನಿಲ್ಲುತ್ತದೆ. ಇಲ್ಲದಿದ್ದರೆ ಮೊದಲ ಅಡಚಣೆಯಲ್ಲಿಯೇ ಹಳೆಯ ಹಾದಿಗೆ ಮರಳುತ್ತದೆ.

ಶಾಲೆಯ ನಿಜವಾದ ಆಸ್ತಿ ಗಣಕಯಂತ್ರವಲ್ಲ, ಅದರಲ್ಲಿರುವ ತಂತ್ರಾಂಶವೂ ಅಲ್ಲ. ತನ್ನಲ್ಲಿ ಓದಿಹೋದ ಪ್ರತಿಯೊಂದು ಮಗುವಿನ ಹೆಸರನ್ನು ಹೊತ್ತ ದಾಖಲೆ. ಕಾಗದದ ವಹಿಯನ್ನು ಗೆದ್ದಲಿನಿಂದ ಕಾಪಾಡಿದ ಹಿರಿಯರ ಎಚ್ಚರವೇ ಇಂದು ಕಡತದ ಲಿಪಿಯ ಬಗೆಗೂ ಇರಬೇಕಾಗಿದೆ. ಆದುದರಿಂದ ಈ ಶೈಕ್ಷಣಿಕ ವರ್ಷದಲ್ಲಿ ಪ್ರತಿಯೊಂದು ಶಾಲೆಯೂ ಕನಿಷ್ಠಪಕ್ಷ ಒಂದು ದಾಖಲಾತಿ ವಹಿಯನ್ನಾದರೂ ಯೂನಿಕೋಡಿಗೆ ತಂದು, ತಾಳೆ ನೋಡಿ, ಎರಡು ಕಡೆ ಪ್ರತಿ ಇರಿಸಲಿ. ಒಂದು ವಹಿ ಸರಿಯಾಗಿ ಮುಗಿದರೆ ಉಳಿದವುಗಳ ದಾರಿ ತಾನಾಗಿಯೇ ತಿಳಿಯುತ್ತದೆ.